ಗಾಜಿನ ಪೆಟ್ಟಿಗೆಯ ಅಳತೆ

ಸಿಟ್ಟು ಬಂದಾಗ ಉಳಿ ಹಿಡಿಯಬಾರದು ಅಂತ ನನಗೆ ಕೆಲಸ ಕಲಿಸಿದ ಹಿರಿಯರು ಹೇಳುತ್ತಿದ್ದರು. ಅವರ ಮಾತು ಕೇಳಿದ್ದರೆ ಈ ಮೂವತ್ತು ವರ್ಷದಲ್ಲಿ ನಾನು ಒಂದು ಮೆಟ್ಟಿಲುಗಲ್ಲನ್ನೂ ಮುಗಿಸುತ್ತಿರಲಿಲ್ಲ. ಈಗಲೂ ಸಿಟ್ಟಿನಲ್ಲೇ ಇದ್ದೇನೆ, ಅದಕ್ಕೇ ಈಗಲೇ ಹೇಳಿಬಿಡುತ್ತೇನೆ. ತಣ್ಣಗಾದ ಮೇಲೆ ಹೇಳಲು ಕೂತರೆ ಎಲ್ಲರೂ ಒಳ್ಳೆಯವರಾಗಿಬಿಡುತ್ತಾರೆ, ಏನೋ ಸಣ್ಣ ಎಡವಟ್ಟು ನಡೆದುಹೋಯಿತು ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಅದು ಸಣ್ಣ ಎಡವಟ್ಟಲ್ಲ.

ನಾನು ಶಿಲ್ಪಿ. ಹಾಗಂದ ತಕ್ಷಣ ಜನ ಏನೇನೋ ದೊಡ್ಡದಾಗಿ ಊಹಿಸಿಕೊಳ್ಳುತ್ತಾರೆ. ಹೊಟ್ಟೆಪಾಡಿಗೆ ನಾನು ಕೆತ್ತುವುದು ಗೋರಿಕಲ್ಲು, ಅಡಿಗಲ್ಲು, ಸಂಸ್ಥೆಗಳ ಸ್ಥಾಪಕರ ತಲೆ. ಸತ್ತವರ ಮೂಗನ್ನು ಅವರ ಮಕ್ಕಳಿಗೆ ಒಪ್ಪಿಗೆಯಾಗುವ ಹಾಗೆ ತಿದ್ದುವುದರಲ್ಲಿ ಸುತ್ತಮುತ್ತ ನನ್ನನ್ನು ಮೀರಿಸಿದವರಿಲ್ಲ. ಅಕ್ಕನ ಮನೆಯ ಹಿತ್ತಲಲ್ಲಿ ತಗಡಿನ ಶೆಡ್ಡು ನನ್ನದು, ಅದರ ಪಕ್ಕದ ಕೋಣೆಯಲ್ಲಿ ನನ್ನ ವಾಸ. ಮುಂದಿನ ಮನೆಯಲ್ಲಿ ಅಕ್ಕ, ಭಾವ. ಭಾವ ನಾದಿನಿಯಾದ ನನ್ನನ್ನು ಕರೆಯುವುದು ‘ಸುತ್ತಿಗೆ’ ಅಂತ. ನನ್ನ ಕೈಯಲ್ಲಿರುವುದನ್ನು ನೋಡಿ ಇಟ್ಟ ಹೆಸರಲ್ಲ, ಬಾಯಿಯನ್ನು ನೋಡಿ ಇಟ್ಟದ್ದು.

ಭಾವ ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಆದರೆ ಯಾರು ಕೇಳಿದರೂ ಕವಿ ಅಂತಲೇ ಹೇಳಿಕೊಳ್ಳುತ್ತಾರೆ, ಅದು ಸುಳ್ಳೂ ಅಲ್ಲ. ನಾಲ್ಕು ಸಂಕಲನ ಬಂದಿವೆ. ಅವರಿಗೊಂದು ರೋಗ, ತಿದ್ದುವ ರೋಗ. ಅಚ್ಚಾಗಿ ಬಂದ ಪುಸ್ತಕವನ್ನೂ ಪೆನ್ನು ಹಿಡಿದು ತಿದ್ದುತ್ತಾರೆ. ಯಾರಿಗಾದರೂ ಪ್ರತಿ ಕೊಡುವಾಗ ಸಹಿ ಹಾಕುವ ಬದಲು ಒಳಗಿನ ಎರಡು ಸಾಲು ಹೊಡೆದುಹಾಕಿ ಕೊಡುತ್ತಾರೆ. ಒಂದೊಂದು ಕವನಕ್ಕೂ ಅವರ ತಲೆಯಲ್ಲಿ ಹತ್ತಾರು ರೂಪ. ಇದರಲ್ಲಿ ಕೊನೆಯದು ಯಾವುದು ಭಾವ ಅಂತ ಕೇಳಿದರೆ "ಸದ್ಯಕ್ಕೆ ಇದು" ಅನ್ನುತ್ತಾರೆ. ಹೀಗಾಗಿ ತಾವು ಬರೆದದ್ದು ಒಂದೂ ಅವರಿಗೆ ಬಾಯಿಪಾಠ ಬರುವುದಿಲ್ಲ. ಶುರು ಮಾಡಿದರೆ ಅರ್ಧದಲ್ಲಿ ಮೂರು ದಾರಿ ಒಡೆಯುತ್ತವೆ, ಯಾವುದರಲ್ಲಿ ಹೋಗಬೇಕೋ ತಿಳಿಯದೆ ನಿಂತುಬಿಡುತ್ತಾರೆ.

ಇಂಥವರ ಕಣ್ಣು ಹೋಯಿತು. ಪೂರ್ತಿ ಕತ್ತಲಲ್ಲ, ನೋಟದ ನಡುಭಾಗ ಹೋಗಿ ಅಂಚು ಉಳಿಯಿತು. ಬಾಗಿಲು ಎಲ್ಲಿ, ಕಿಟಕಿ ಎಲ್ಲಿ ಎನ್ನುವುದು ತಿಳಿಯುತ್ತದೆ. ಎದುರಿಗೆ ನಿಂತವರ ಮುಖ ಮಾತ್ರ ಇಲ್ಲ, ಕೈಯಲ್ಲಿ ಹಿಡಿದ ಪುಟ ಮಾತ್ರ ಇಲ್ಲ. "ಯಾವುದನ್ನ ನೋಡ್ಬೇಕೋ ಅದೊಂದು ಬಿಟ್ಟು ಮಿಕ್ಕಿದ್ದೆಲ್ಲ ಕಾಣುತ್ತೆ" ಅಂತ ಅವರೇ ಹೇಳಿ ನಗುತ್ತಿದ್ದರು. ಮೊದಮೊದಲು ನಗುತ್ತಿದ್ದರು. ಇದು ವಾಪಸ್ ಬರುವ ನೋಟವಲ್ಲ ಅಂತ ಡಾಕ್ಟರು ಹೇಳಿದ ಮೇಲೆ ಆ ತಮಾಷೆಯೂ ನಿಂತಿತು.

ಓದಿ ಹೇಳಲು ಅಕ್ಕ ಕೂತಳು. ಅದು ಜಗಳದಲ್ಲಿ ಮುಗಿಯಿತು.

"ನೀನು ಓದಿದ್ರೆ ಎಲ್ಲಾ ಅಂಗಡಿ ಸಾಮಾನು ಓದಿದ ಹಾಗೆ ಕೇಳುತ್ತೆ ಕಣೇ."

"ಹಾಗೇ ಬರೆದಿದೀರಿ ಅಂತ ಕಾಣುತ್ತೆ."

ಕುರುಡರ ಚುಕ್ಕಿ ಲಿಪಿ ಕಲಿಯಲು ಹೋದರು. ವಯಸ್ಸಾದ ಬೆರಳಿಗೆ ಚುಕ್ಕಿಗಳೆಲ್ಲ ಒಂದೇ ಆಗಿ, ಕೆಲವು ತಿಂಗಳು ಒದ್ದಾಡಿ ಬಿಟ್ಟರು. ಮೊಬೈಲಿಗೆ ಓದಿ ಹೇಳುವ ದನಿ ಹಾಕಿಸಿಕೊಟ್ಟೆ. ಒಂದು ಸಂಜೆ ಅದನ್ನು ದಿಂಬಿನ ಕೆಳಗೆ ತುರುಕಿ ನನ್ನ ಶೆಡ್ಡಿಗೆ ಬಂದು ಕೂತರು. "ಓದೋದು ಅಂದ್ರೆ ಕೇಳೋದಲ್ಲ ಸುತ್ತಿಗೆ. ಒಂದು ಪದದ ಹತ್ರ ನನಗೆ ಬೇಕಾದಷ್ಟು ಹೊತ್ತು ನಿಲ್ಬೇಕು. ಬೇಡ ಅನ್ನಿಸಿದ್ರೆ ಹಿಂದಿನ ಸಾಲಿಗೆ ಹೋಗ್ಬೇಕು. ಇನ್ನೊಬ್ಬರ ಬಾಯಿ ನನಗೋಸ್ಕರ ನಿಲ್ಲುತ್ತಾ?" ಅಂದರು. ನಾನು ಕಲ್ಲು ಉಜ್ಜುತ್ತಾ ಇದ್ದೆ.

ಅವರ ಪಕ್ಕದಲ್ಲೇ ಅರ್ಧ ಮುಗಿದ ಗೋರಿಕಲ್ಲೊಂದು ಗೋಡೆಗೆ ಒರಗಿತ್ತು. ಮಾತಾಡುತ್ತಾ ಆಡುತ್ತಾ ಅವರ ಕೈ ಅದರ ಮೇಲೆ ಹೋಯಿತು. ಅಂಗೈಯಗಲದ ಅಕ್ಷರಗಳು, ಆಳವಾಗಿ ಕೊರೆದವು. ಸ್ವಲ್ಪ ಹೊತ್ತಾದ ಮೇಲೆ ಕೇಳಿದರು: "‘ಪ್ರೀತಿಯ ತಂದೆ’ ಅಂತ ಇದೆಯಲ್ಲ, ಪ್ರೀತಿಯ ಅನ್ನೋದನ್ನ ಮಕ್ಕಳು ಹೇಳಿದ್ರೋ, ನೀನೇ ಸೇರಿಸಿದ್ಯೋ?"

ನನ್ನ ಕೈ ನಿಂತಿತು. ಅವರದೂ ನಿಂತಿತು. ತಾವು ಓದಿದ್ದು ಅವರಿಗೆ ನನಗಿಂತ ತಡವಾಗಿ ಗೊತ್ತಾಯಿತು.

ಬೆರಳಿನಿಂದ ಓದುವ ಪುಸ್ತಕದ ಯೋಚನೆ ಹುಟ್ಟಿದ್ದು ಹೀಗೆ. ಕಲ್ಲಿನ ಪುಸ್ತಕವನ್ನು ಎತ್ತುವವರು ಯಾರು? ಕಾಗದವೇ ಆಗಬೇಕು, ಅಕ್ಷರ ಮಾತ್ರ ಉಬ್ಬಿರಬೇಕು. ನನ್ನ ಹತ್ತಿರ ಒಳ್ಳೆಯ ಮೆತುಗಲ್ಲಿನ ಎರಡು ಹಲಗೆ ಇದ್ದವು, ಉಗುರಿನಿಂದ ಗೀಚಿದರೂ ಗೆರೆ ಮೂಡುವಂಥ ಕಲ್ಲು. ಅದರ ಮೇಲೆ ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡ ಹಾಗೆ ಹಿಂದುಮುಂದಾಗಿ, ಒಳಕ್ಕೆ ಕೊರೆದೆ. ಹಳೆಯ ಹತ್ತಿ ಬಟ್ಟೆಯನ್ನು ನೆನೆಹಾಕಿ, ಜಜ್ಜಿ, ತಿರುಳು ಮಾಡಿ, ಒದ್ದೆಯಾಗಿರುವಾಗಲೇ ಆ ಕಲ್ಲಿನ ಮೇಲೆ ಒತ್ತಿ ಒಣಗಲು ಬಿಟ್ಟೆ. ಒಣಗಿದ ಮೇಲೆ ಬಿಡಿಸಿದರೆ ದಪ್ಪ ಬಿಳಿ ಹಾಳೆ, ಅದರ ಮೇಲೆ ಅಕ್ಷರಗಳು ನೆಟ್ಟಗೆ ಎದ್ದು ನಿಂತಿವೆ. ಬಟ್ಟೆ ಕೊಟ್ಟವಳು ಅಕ್ಕ. ಭಾವನ ಹಳೆಯ ಅಂಗಿಗಳು ಮನೆ ಬಿಟ್ಟು ಹೋಗಲು ಅವಳು ಎಷ್ಟೋ ವರ್ಷದಿಂದ ಕಾಯುತ್ತಿದ್ದಳು.

ಮೊದಲನೇ ಹಾಳೆ ನೋಡಿ ನನಗೇ ನನ್ನ ಮೇಲೆ ಮೆಚ್ಚುಗೆ ಉಕ್ಕಿತು. ಏನು ಅಂದ, ಏನು ಬಳುಕು! ಭಾವ ಬೆರಳಾಡಿಸಿದರು, ಆಡಿಸಿದರು, ಮುಖ ಗಂಟು ಹಾಕಿದರು.

"ಇದೇನೇ ಇದು? ಎರೆಹುಳ ಬಿಟ್ಟಿದೀಯಾ?"

ಮೈ ಉರಿದುಹೋಯಿತು. ಹಾಳೆ ಕಿತ್ತುಕೊಂಡು, ಕಣ್ಣು ಮುಚ್ಚಿ ನಾನೇ ಬೆರಳಿಟ್ಟೆ. ಒಂದಕ್ಷರವೂ ತಿಳಿಯಲಿಲ್ಲ. ಕಣ್ಣಿಗೆ ಕೆತ್ತಿ ಕೆತ್ತಿ ರೂಢಿಯಾದ ಕೈ ಮಾಡುವ ಕೆಲಸ ಅದು. ದುಂಡು ದುಂಡಾದ ಅಕ್ಷರಗಳಿಗೆ ಸೊಗಸು ಸೇರಿಸಿ ಎಲ್ಲವನ್ನೂ ಒಂದೇ ಥರ ಮಾಡಿಟ್ಟಿದ್ದೆ. ಆ ಕಲ್ಲನ್ನು ಉಜ್ಜಿ ಸಪಾಟು ಮಾಡಿ ಮತ್ತೆ ಕೊರೆದೆ. ಬಳುಕು ತೆಗೆದೆ, ಗೆರೆ ದಪ್ಪ ಮಾಡಿದೆ, ಅಕ್ಷರ ಅಕ್ಷರದ ನಡುವೆ ಜಾಗ ಬಿಟ್ಟೆ, ಕೊಂಬು ದೀರ್ಘಗಳನ್ನು ಬೆರಳಿಗೆ ಎಡವುವ ಹಾಗೆ ಏರಿಸಿದೆ. ಕೊನೆಗೂ ಬೆರಳು ಒಪ್ಪುವ ಅಕ್ಷರ ಸಿಕ್ಕಿತು. ಆದರೆ ಹಾಳೆಗೆ ಆರೇ ಸಾಲು ಹಿಡಿಯುತ್ತಿತ್ತು.

"ಆರು ಸಾಲಾ? ಈ ಕವನ ನಲವತ್ತು ಸಾಲಿದೆ!"

"ಕಮ್ಮಿ ಮಾಡಿ ಭಾವ."

"ನನ್ನ ಕವನಕ್ಕೆ ಕತ್ತರಿ ಹಾಕೋಕೆ ನೀನ್ಯಾರೇ?"

"ನಾನಲ್ಲ, ಕಲ್ಲು ಹೇಳ್ತಿದೆ. ಅದರ ಹತ್ರ ಜಗಳ ಆಡಿ."

ಆಡಿದರು. ಕಲ್ಲಿನ ಹತ್ತಿರ ಅಲ್ಲ, ನನ್ನ ಹತ್ತಿರವೇ. ಮೂರು ದಿನ ಮಾತು ಬಿಟ್ಟರು. ಆಮೇಲೆ ಬಂದು ಆರು ಸಾಲು ಹೇಳಿ ಬರೆಸಿದರು. ನಾನು ಕೊರೆದು ಮುಗಿಸಿದ ಬೆಳಿಗ್ಗೆ ಶೆಡ್ಡಿನ ಬಾಗಿಲಲ್ಲಿ ನಿಂತು, "ನಾಲ್ಕನೇ ಸಾಲಲ್ಲಿ ಒಂದು ಪದ ಬದಲಾಯಿಸ್ಬೇಕಿತ್ತಲ್ಲ" ಅಂದರು. ನನ್ನ ಕೈಯಲ್ಲಿ ನಿಜವಾಗಿಯೂ ಸುತ್ತಿಗೆ ಇತ್ತು. "ಕೊರೆದಿದ್ದನ್ನ ವಾಪಸ್ ತುಂಬೋಕೆ ಬರಲ್ಲ. ಒಂದೊಂದು ಪದಕ್ಕೂ ಉಜ್ತಾ ಹೋದ್ರೆ ಕಲ್ಲೇ ಮುಗಿದುಹೋಗುತ್ತೆ. ಕೊರೆದ ಮೇಲೆ ಅದೇ ಕೊನೆ. ಒಪ್ಪಿಗೆ ಇದ್ರೆ ಮಾಡೋಣ, ಇಲ್ದಿದ್ರೆ ನಿಮ್ಮ ಅಂಗಿ ವಾಪಸ್ ತಗೊಳ್ಳಿ" ಅಂತ ಕೂಗಾಡಿದೆ. ಭಾವ "ಆಯ್ತು" ಅಂದರು. ಮದುವೆಯಾದಾಗಿನಿಂದ ಆ ಮನುಷ್ಯ ಯಾವುದಕ್ಕಾದರೂ ಇಷ್ಟು ಸುಲಭಕ್ಕೆ ಆಯ್ತು ಅಂದದ್ದು ಇದೇ ಮೊದಲು ಅಂತ ಅಕ್ಕ ಆಮೇಲೆ ಹೇಳಿದಳು.

ಆ ಹಾಳೆ ಒಣಗಿತು. ಭಾವ ಶೆಡ್ಡಿನ ಹೊಸ್ತಿಲ ಮೇಲೆ ಕೂತು ಅದನ್ನು ತೊಡೆಯ ಮೇಲಿಟ್ಟುಕೊಂಡರು. ಬೆರಳು ಮೆಲ್ಲಗೆ ಸರಿಯಿತು, ತುಟಿ ಅಲುಗಿತು.

ಹೊರಗೆ ಹೋಗುವಾಗ ದೀಪ ಆರಿಸು ಅಂದಳು.
ಆರಿಸಿದೆ.
ತಿರುಗಿ ಬರುವಷ್ಟರಲ್ಲಿ
ಕತ್ತಲೆಗೆ ನಮ್ಮ ಮನೆಯ ಪರಿಚಯವಾಗಿತ್ತು.
ಕುರ್ಚಿ ಎಲ್ಲಿದೆ ಅಂತ
ಅದೇ ನನಗೆ ತೋರಿಸಿತು.

ಎರಡನೇ ಸಾಲಿನಲ್ಲಿ ಬೆರಳು ನಿಂತಿತು. ಹಿಂದಕ್ಕೆ ಹೋಗಿ ಮತ್ತೆ ಬಂದಿತು. ಅಕ್ಕ ಅಡುಗೆಮನೆಯಿಂದ ಏನೋ ಕೂಗಿ ಕೇಳಿದಳು. ಭಾವ ಕೈ ಎತ್ತಿ, "ಸುಮ್ನಿರೇ ಸ್ವಲ್ಪ, ಓದ್ತಾ ಇದೀನಿ" ಅಂದರು. ಎಷ್ಟೋ ವರ್ಷದ ಮೇಲೆ ಆ ಮಾತು ಅವರ ಬಾಯಿಂದ ಬಂತು. ಅಕ್ಕ ಕೈಯಲ್ಲಿ ಸೌಟು ಹಿಡಿದು ಬಾಗಿಲಿಗೆ ಬಂದವಳು ಹಾಗೇ ನಿಂತಳು. ನಾನು ಅತ್ತೆ, ನಾಚಿಕೆ ಇಲ್ಲದೆ ಅತ್ತೆ.

ಆಮೇಲಿನ ಸುಮಾರು ಎರಡು ವರ್ಷ ಅದೇ ಕೆಲಸ. ಇದ್ದದ್ದು ಎರಡೇ ಹಲಗೆ, ಅಂಥ ಕಲ್ಲು ಮತ್ತೆ ಸಿಗುವುದಿಲ್ಲ. ಒಂದು ಹಾಳೆ ತೆಗೆದ ಮೇಲೆ ಆ ಕಲ್ಲನ್ನು ಉಜ್ಜಿ ಹೊಸದಾಗಿ ಕೊರೆಯಬೇಕು. ಕೊನೆಯ ಹಾಳೆಯ ಹೊತ್ತಿಗೆ ಹಲಗೆಗಳು ತಟ್ಟೆಯಷ್ಟು ತೆಳ್ಳಗಾಗಿ, ಒಂದು ನಡುವೆ ಸೀಳಿತು. ಹಾಳೆಗಳನ್ನೆಲ್ಲ ನಾನೇ ಹೊಲಿದೆ. ಒಂದರ ಭಾರ ಇನ್ನೊಂದರ ಮೇಲೆ ಬೀಳದಿರಲಿ ಅಂತ ಬೆನ್ನಿನ ಬಳಿ ಹಾಳೆ ಹಾಳೆಯ ನಡುವೆಯೂ ದಪ್ಪ ಪಟ್ಟಿ ಕೂರಿಸಿದೆ. ಮುಚ್ಚಿದರೆ ತಲೆದಿಂಬಿನಷ್ಟು ದಪ್ಪ ಪುಸ್ತಕ. ಜಗತ್ತಿನಲ್ಲಿ ಅದೊಂದೇ ಪ್ರತಿ, ಅದಕ್ಕೆ ಓದುಗರೂ ಒಬ್ಬರೇ.

ಅಷ್ಟಕ್ಕೇ ಬಿಡಬೇಕಿತ್ತು. ಆದರೆ ಕಲಾಭವನದ ನಿರ್ದೇಶಕ ತನ್ನ ಸಂಸ್ಥೆಯ ಸ್ಥಾಪಕರ ತಲೆಯೊಂದನ್ನು ಮಾಡಿಸಲು ನನ್ನ ಶೆಡ್ಡಿಗೆ ಬಂದ. ಒಳ್ಳೆಯ ಬಟ್ಟೆ, ಒಳ್ಳೆಯ ಮಾತು, ಧೂಳಿಗೆ ಹೆದರಿ ಕುರ್ಚಿಯ ತುದಿಯಲ್ಲಿ ಕೂರುವ ಜಾತಿ. ಭಾವ ಮೂಲೆಯಲ್ಲಿ ಓದುತ್ತಾ ಕೂತದ್ದನ್ನು ಕಂಡ. ಕೇಳಿ ತಿಳಿದುಕೊಂಡ. ತಾನೂ ಕಣ್ಣು ಮುಚ್ಚಿ ಹಾಳೆಯ ಮೇಲೆ ಕೈಯಾಡಿಸಿ, "ಅದ್ಭುತ! ಇದನ್ನ ಜನ ಮುಟ್ಬೇಕು ಮೇಡಂ. ನಮ್ಮ ಹೊಸ ಸಭಾಂಗಣ ಇದರಿಂದಲೇ ಶುರುವಾಗ್ಲಿ. ಸರ್ ವೇದಿಕೆ ಮೇಲೆ ನಿಂತು ಬೆರಳಿನಿಂದ ಓದ್ಲಿ" ಅಂದ.

ಮುಟ್ಟಬೇಕು ಅಂತ ಹೇಳಿದ್ದು ಅವನೇ. ನೆನಪಿರಲಿ.

ನನಗೆ ಮನಸ್ಸಿರಲಿಲ್ಲ. ಆದರೆ ಭಾವನನ್ನು ಯಾರೂ ಕರೆಯದೆ ಹದಿನೈದು ವರ್ಷವಾಗಿತ್ತು. ಆ ದಿನದಿಂದ ಅವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಯಾವ ಅಂಗಿ, ಯಾವ ಕವನ, ಎಷ್ಟು ಹೊತ್ತು, ಎಲ್ಲಿ ನಿಲ್ಲಿಸಿ ಉಸಿರು ತೆಗೆದುಕೊಳ್ಳುವುದು, ಇದೇ ಮಾತು. "ಯಾರೂ ಎದ್ದು ಹೋಗ್ದೇ ಇದ್ರೆ ಸಾಕು ಸುತ್ತಿಗೆ" ಅಂತ ಒಮ್ಮೆ ಮೆಲ್ಲಗೆ ಹೇಳಿದರು. ಅದನ್ನು ಕೇಳಿದ ಮೇಲೆ ಬೇಡ ಅನ್ನಲು ನನ್ನ ನಾಲಿಗೆ ಏಳಲಿಲ್ಲ. ಪ್ರದರ್ಶನದ ತಯಾರಿಗೆ ಅಂತ ಒಂದು ತಿಂಗಳು ಮುಂಚೆಯೇ ಪುಸ್ತಕ ಕೇಳಿದರು. ನಾನೇ ತೆಗೆದುಕೊಂಡು ಹೋಗಿ ನಿರ್ದೇಶಕನ ಮೇಜಿನ ಮೇಲಿಟ್ಟು ಹೇಳಿದೆ: "ಇದಕ್ಕೆ ನೀರು ತಾಗಬಾರದು. ಇದರ ಮೇಲೆ ಭಾರ ಇಡಬಾರದು. ಒಂದು ಪುಸ್ತಕವನ್ನೂ ಇಡಬಾರದು."

"ಆಯ್ತು ಮೇಡಂ, ಆಯ್ತು ಮೇಡಂ" ಅಂತ ತಲೆಯಾಡಿಸಿದ. ಫೋನು ಬಂತು, ಆಡಿಸುತ್ತಲೇ ಎದ್ದು ಹೋದ.

ಕಾರ್ಯಕ್ರಮದ ದಿನ ಬೆಳಿಗ್ಗೆ ನಾವು ಮೂವರೂ ಹೋದೆವು. ಬಣ್ಣದ ವಾಸನೆ ಇನ್ನೂ ಹೋಗದ ಸಭಾಂಗಣ, ಮೆತ್ತನೆಯ ಕುರ್ಚಿಗಳು. ಅಕ್ಕನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಭಾವನನ್ನು ಯಾರೋ ಕೈಹಿಡಿದು ವೇದಿಕೆಯ ಪಕ್ಕದ ಕೋಣೆಗೆ ಕರೆದುಕೊಂಡು ಹೋದರು. ನಾನು ಪುಸ್ತಕ ಹುಡುಕಿಕೊಂಡು ಹೊರಟೆ.

ವೇದಿಕೆಯ ಒಂದು ಬದಿಗೆ ಗಾಜಿನ ಪೆಟ್ಟಿಗೆ, ಅದರೊಳಗೆ ದೀಪ. ಪೆಟ್ಟಿಗೆಯ ಮುಂದೆ ‘ದಯವಿಟ್ಟು ಮುಟ್ಟಬೇಡಿ’ ಎಂಬ ಫಲಕ. ಆ ಫಲಕ ನೋಡಿಯೇ ನನಗೆ ಪಿತ್ತ ನೆತ್ತಿಗೇರಿತ್ತು. ಹತ್ತಿರ ಹೋಗಿ ಒಳಗೆ ನೋಡಿದೆ. ಪುಸ್ತಕ ತೆರೆದು ಮಲಗಿತ್ತು, ಮಲಗಿಯೇಬಿಟ್ಟಿತ್ತು. ಪಕ್ಕದಿಂದ ಬೆಳಕು ಬೀಳುತ್ತಿದ್ದರೂ ಒಂದು ಅಕ್ಷರಕ್ಕೂ ನೆರಳಿಲ್ಲ. ತಲೆದಿಂಬಿನಷ್ಟಿದ್ದ ಪುಸ್ತಕ ಮಡಿಸಿಟ್ಟ ಟವೆಲಿನಷ್ಟಾಗಿತ್ತು.

ನಿರ್ದೇಶಕ ಹಿಂದೆ ಬಂದು ನಿಂತು, ಬೆನ್ನು ತಟ್ಟಿಸಿಕೊಳ್ಳಲು ಬಂದವನ ಹಾಗೆ ನಕ್ಕ. "ಹೇಗಿದೆ ಮೇಡಂ?"

"ಏನು ಮಾಡಿದ್ರಿ ಇದಕ್ಕೆ?"

"ಪೆಟ್ಟಿಗೆ ಹೊರಗಿಂದ ತರಿಸಿದ್ದು ಮೇಡಂ, ಬಹಳ ಒಳ್ಳೇದು. ಆದ್ರೆ ಎತ್ತರ ಒಂದೆರಡು ಬೆರಳು ಕಮ್ಮಿ ಬಂತು. ಪುಸ್ತಕ ಹಿಡೀಲಿಲ್ಲ, ಮುಚ್ಚಳ ಕೂರ್ಲಿಲ್ಲ. ನಮ್ಮ ಸಂರಕ್ಷಣಾ ವಿಭಾಗದವ್ರು ಸ್ವಲ್ಪ ತೇವ ಕೊಟ್ಟು ಒತ್ತುಯಂತ್ರದಲ್ಲಿ ಒಂದು ವಾರ ಇಟ್ರು. ಮಧ್ಯೆ ಮಧ್ಯೆ ಏನೋ ಪಟ್ಟಿಗಳಿದ್ವಲ್ಲ, ಅನಗತ್ಯ ಅನ್ನಿಸ್ತು, ತೆಗೆಸಿದ್ವಿ. ಈಗ ಎಷ್ಟು ನೀಟಾಗಿ ಕೂತಿದೆ ನೋಡಿ."

ಪೆಟ್ಟಿಗೆ ಚಿಕ್ಕದಾಯಿತು ಅಂತ ಪುಸ್ತಕವನ್ನು ಒತ್ತಿದರು! ಹೆಚ್ಚು ಓದಿದವರು, ಕೈಗೆ ಬಿಳಿ ಗವಸು ಹಾಕಿಕೊಂಡು ಕೆಲಸ ಮಾಡುವವರು. ಒಂದು ಕೋಣೆಯ ತುಂಬ ಇದ್ದ ಅಷ್ಟು ಜನರಲ್ಲಿ ಒಬ್ಬರ ಬಾಯಿಂದಲೂ, ಪೆಟ್ಟಿಗೆ ಬೇರೆ ಮಾಡಿಸೋಣ ಎಂಬ ಮಾತು ಬರಲಿಲ್ಲ. ಪೆಟ್ಟಿಗೆ ಬೆಲೆಬಾಳುವುದಾಗಿತ್ತಲ್ಲ.

"ಅಕ್ಷರ ಸತ್ತು ಹೋಗಿವೆ" ಅಂದೆ.

"ಕಾಣ್ತಿದೆಯಲ್ಲ ಮೇಡಂ, ಹತ್ರದಿಂದ ನೋಡಿದ್ರೆ ಗೊತ್ತಾಗುತ್ತೆ. ಮತ್ತೆ ಬೇಕಾದ್ರೆ ಇನ್ನೊಂದು ಪ್ರತಿ ತೆಗೀಬಹುದಲ್ಲ? ಅಚ್ಚು ಇದ್ದೇ ಇರುತ್ತೆ."

"ಅಚ್ಚು ಇಲ್ಲ. ಕಲ್ಲೇ ಇಲ್ಲ. ಓದೋರಿಗೆ ಕಣ್ಣೂ ಇಲ್ಲ. ಏನಂದ್ಕೊಂಡಿದೀರಿ ನೀವು?"

"ಮೆಲ್ಲಗೆ ಮೇಡಂ, ಅತಿಥಿಗಳು ಬಂದ್ರು."

ಭಾವನಿಗೆ ಮೊದಲೇ ಹೇಳಬೇಕು ಅಂತ ಪಕ್ಕದ ಕೋಣೆಗೆ ಓಡಿದೆ. ಬಾಗಿಲಲ್ಲೇ ಎದುರಾದರು. ಇಬ್ಬರು ಹಿಡಿದುಕೊಂಡು ಬರುತ್ತಿದ್ದರು. ಇಸ್ತ್ರಿ ಮಾಡಿದ ನೀಲಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ಕೂದಲು, ಮುಖದಲ್ಲಿ ಮದುಮಗನ ಕಳೆ.

"ಭಾವ, ಒಂದು ಮಾತು—"

"ಆಮೇಲೆ ಹೇಳು ಸುತ್ತಿಗೆ. ಈಗ ತಲೆಯಲ್ಲಿ ಬೇರೆ ಏನೂ ಹಾಕ್ಬೇಡ."

"ಪುಸ್ತಕ—"

"ಓದ್ತೀನಿ ಕಣೇ, ಹೆದರ್ಬೇಡ. ಬೆರಳು ಬೆಚ್ಚಗಿದೆ ನೋಡು." ನನ್ನ ಕೆನ್ನೆ ಮುಟ್ಟಿ ತೋರಿಸಿದರು. ಅಷ್ಟರಲ್ಲಿ ಅವರ ಹೆಸರು ಕೂಗಿದರು, ಅವರನ್ನು ಮೆಟ್ಟಿಲು ಹತ್ತಿಸಿಬಿಟ್ಟರು. ನಾನು ಹಿಂದೆಯೇ ಹತ್ತಿದೆ. ಯಾರೋ ತೋಳು ಹಿಡಿದು ತಡೆಯಲು ಬಂದರು, ಕೊಡವಿಕೊಂಡು ಹೋಗಿ ಭಾವನ ಪಕ್ಕ ನಿಂತೆ.

ಪೆಟ್ಟಿಗೆಯ ಬೀಗ ತೆಗೆದರು. ಗವಸು ಹಾಕಿದ ಹೆಂಗಸೊಬ್ಬಳು ಪುಸ್ತಕವನ್ನು ಕೂಸಿನಂತೆ ಎತ್ತಿ ತಂದು ಭಾವನ ಮುಂದಿನ ಮೇಜಿನ ಮೇಲಿಟ್ಟಳು. ದೀಪಗಳನ್ನು ಸಣ್ಣ ಮಾಡಿ ಅವರ ಕೈಗಳ ಮೇಲೆ ಮಾತ್ರ ಬೆಳಕು ಬಿಟ್ಟರು. ಭಾವ ಗಂಟಲು ಸರಿಮಾಡಿಕೊಂಡರು. ಬಲಗೈ ಬೆರಳನ್ನು ಹಾಳೆಯ ಎಡತುದಿಗೆ ಇಟ್ಟು ಮೆಲ್ಲಗೆ ಸರಿಸಿದರು.

ಬೆರಳು ಬಲತುದಿಯವರೆಗೂ ಹೋಯಿತು. ತಡೆಯಿಲ್ಲದೆ ಹೋಯಿತು.

ಮತ್ತೆ ಎಡಕ್ಕೆ ತಂದರು. ಸ್ವಲ್ಪ ಕೆಳಗಿಟ್ಟರು. ಖಾಲಿ ಹಾಳೆ ಮುಂದಿಟ್ಟಿದ್ದಾರೆ ಅನ್ನಿಸಿರಬೇಕು, ತಿರುವಿದರು. ಅಲ್ಲೂ ಅದೇ. ಎರಡೂ ಕೈ ಹಾಕಿದರು. ಅಂಗೈಯಿಂದ ಸವರಿದರು, ಉಗುರಿನಿಂದ ಮುಟ್ಟಿ ನೋಡಿದರು. ಹಣೆಯ ಮೇಲೆ ಬೆವರು ಬಂತು. ಬೆರಳುಗಳು ಆ ಬಿಳಿ ಹಾಳೆಯ ಮೇಲೆ ಅತ್ತಿಂದಿತ್ತ ಅಲೆದವು, ಒಂದು ಪದ ಸಿಕ್ಕಿದರೂ ಸಾಕು ಎಂಬ ಹಾಗೆ ಅಲೆದವು. ಸಭೆಯಲ್ಲಿ ಯಾರೋ ಕಣ್ಣೊರೆಸಿಕೊಂಡರು. ಕ್ಯಾಮೆರಾಗಳು ಮುಂದೆ ಬಂದವು. ಭಾವ ಕೈ ಎತ್ತಿ ತಮ್ಮ ಬೆರಳುಗಳನ್ನೇ ಇನ್ನೊಂದು ಕೈಯಿಂದ ಹಿಚುಕಿ ನೋಡಿಕೊಂಡರು. ಕಣ್ಣಿನ ಹಾಗೆ ಇವೂ ಹೋದವೇ ಅಂತ ನೋಡಿಕೊಂಡರು.

ಆಗ ಚಪ್ಪಾಳೆ ಬಿತ್ತು. ಮುಖ್ಯ ಅತಿಥಿ ಶುರು ಮಾಡಿದರು, ಇಡೀ ಸಭಾಂಗಣ ಸೇರಿತು. ಕೆಲವರು ಎದ್ದು ನಿಂತು ತಟ್ಟಿದರು. ಕವಿಯೊಬ್ಬ ಮೌನದಲ್ಲಿ ತನ್ನ ಕವನವನ್ನು ಬೆರಳಿನಿಂದ ಓದಿ ಮುಗಿಸಿದ ಅಂತ ಅವರು ತಿಳಿದಿದ್ದರು.

ಭಾವ ಸದ್ದು ಬಂದ ಕಡೆ ಮುಖ ತಿರುಗಿಸಿದರು. "ಯಾಕೆ ಚಪ್ಪಾಳೆ ಹೊಡೀತಿದಾರೆ?" ಅಂತ ನನ್ನನ್ನು ಕೇಳಿದರು. "ನಾನಿನ್ನೂ ಓದೇ ಇಲ್ಲವಲ್ಲ."

ಮೈಕು ತೆರೆದಿತ್ತು. ಎಲ್ಲರಿಗೂ ಕೇಳಿಸಿತು. ಜನ ನಕ್ಕರು, ಚಪ್ಪಾಳೆ ಇನ್ನೂ ಜೋರಾಯಿತು.

ನಾನು ಮೈಕು ಕಿತ್ತುಕೊಂಡೆ. "ನಿಲ್ಲಿಸ್ರೀ!" ಅಂದೆ. ಮುಂದೆ ಏನು ಹೇಳಿದೆನೋ ಪೂರ್ತಿ ನೆನಪಿಲ್ಲ, ಆದರೆ ಒಂದು ಮಾತಿಗೂ ವಿಷಾದವಿಲ್ಲ. ಅವರ ಪೆಟ್ಟಿಗೆಗೆ ಹಿಡಿಸಲಿ ಅಂತ ಪುಸ್ತಕವನ್ನು ಒತ್ತಿಟ್ಟರು, ಅಕ್ಷರಗಳೆಲ್ಲ ನೆಲಸಮವಾಗಿವೆ, ಇವರು ಓದುತ್ತಿರಲಿಲ್ಲ, ಹುಡುಕುತ್ತಿದ್ದರು, ನೀವು ಅದಕ್ಕೆ ಚಪ್ಪಾಳೆ ತಟ್ಟಿದಿರಿ ಅಂದೆ. ಸದ್ದು ಒಮ್ಮೆಲೇ ಸತ್ತಿತು. ಎದ್ದು ನಿಂತವರಿಗೆ ಕೂರುವುದೋ ನಿಲ್ಲುವುದೋ ತಿಳಿಯಲಿಲ್ಲ. ಭಾವ ನನ್ನ ಮಾತನ್ನು ಎಲ್ಲರ ಜೊತೆಗೇ ಮೊದಲ ಸಲ ಕೇಳಿಸಿಕೊಂಡರು. ಅವರ ಕೈ ಹಾಳೆಯ ಮೇಲೆ ಹಾಗೇ ಇತ್ತು.

ನಿರೂಪಕಿ ಚುರುಕು. ಚಿಟಿಕೆ ಹೊಡೆಯುವುದರಲ್ಲಿ ಇನ್ನೊಂದು ಮೈಕು ಹಿಡಿದು ಬಂದಳು, ಜೊತೆಗೆ ಪುಸ್ತಕದಿಂದ ಮೊದಲೇ ಇಳಿಸಿಕೊಂಡು ಟೈಪು ಮಾಡಿದ ಕಾಗದ. "ಚಿಂತೆಯಿಲ್ಲ, ಸರ್ ಅವರ ಸಾಲುಗಳು ನಮ್ಮ ಬಳಿ ಇವೆ, ಅವರ ಪರವಾಗಿ ನಾನು ಓದುತ್ತೇನೆ" ಅಂತ ಜೇನಿನಂಥ ದನಿಯಲ್ಲಿ ಶುರು ಮಾಡಿದಳು. ಮೊದಲ ಸಾಲು ಅರ್ಧಕ್ಕೆ ಬಂದಿತ್ತು.

"ಬೇಡಮ್ಮ" ಅಂದರು ಭಾವ. "ನಾನೇ ಓದ್ತೀನಿ."

"ಸರ್, ಆದ್ರೆ ನಿಮಗೆ—"

"ಓದ್ಸೋಕೇ ಕರೆದ್ರಲ್ಲ ನನ್ನ? ಓದ್ತೀನಿ. ಕೂತ್ಕೊಳ್ಳಿ."

ಪುಸ್ತಕವನ್ನು ಮೊದಲ ಹಾಳೆಗೆ ತಿರುಗಿಸಿದರು. ಎಡತುದಿಗೆ ಬೆರಳಿಟ್ಟರು. ಸಾಲು ಇದ್ದ ಜಾಗದಲ್ಲಿ, ಸಾಲು ಎಷ್ಟು ಉದ್ದವಿತ್ತೋ ಅಷ್ಟು ಉದ್ದಕ್ಕೆ, ಓದುವಾಗ ಎಷ್ಟು ನಿಧಾನವಾಗಿ ಸರಿಸುತ್ತಿದ್ದರೋ ಅಷ್ಟೇ ನಿಧಾನವಾಗಿ ಸರಿಸಿದರು. ಬಾಯಿ ತೆರೆಯಲಿಲ್ಲ. ಎರಡನೇ ಸಾಲಿಗೆ ಬಂದರು. ಈ ಸಲ ಅವರು ಹುಡುಕುತ್ತಿರಲಿಲ್ಲ, ಅವರು ಖಾಲಿ ಮಾಡಿಕೊಟ್ಟದ್ದನ್ನು ಖಾಲಿಯಾಗಿಯೇ ಓದಿ ತೋರಿಸುತ್ತಿದ್ದರು. ಅವರ ದವಡೆ ಬಿಗಿದಿತ್ತು. ಅಷ್ಟು ವರ್ಷದಲ್ಲಿ ಅವರು ಗೊಣಗಿದ್ದು ಕಂಡಿದ್ದೆ, ಮುನಿಸಿಕೊಂಡದ್ದು ಕಂಡಿದ್ದೆ, ಆದರೆ ಅಂಥ ಸಿಟ್ಟು ಕಂಡಿರಲಿಲ್ಲ.

ಹಿಂದಿನ ಸಾಲುಗಳಲ್ಲಿ ಕುರ್ಚಿ ಕಿರುಗುಟ್ಟಿತು, ಒಂದಿಬ್ಬರು ಬಾಗಿಲ ಕಡೆ ಹೊರಟರು. ಮುಂದಿನ ಸಾಲಿನಲ್ಲಿ ಅಕ್ಕ ಎದ್ದು ಹಿಂದಕ್ಕೆ ತಿರುಗಿದಳು. ಅವಳಿಗೆ ಮೈಕು ಯಾವತ್ತೂ ಬೇಕಾಗಿಲ್ಲ.

"ಎಲ್ಲಿಗೆ ಹೋಗ್ತಿದೀರಿ? ಅವರು ಓದ್ತಿದಾರೆ ಕಾಣಲ್ವಾ?"

ಹೊರಟವರು ಸಿಕ್ಕ ಕುರ್ಚಿಯಲ್ಲಿ ಕೂತರು. ಅಕ್ಕ ಕೂರಲಿಲ್ಲ. ಮುಖ್ಯ ಅತಿಥಿ ಗಡಿಯಾರ ನೋಡಿಕೊಂಡರು. ನಿರ್ದೇಶಕ ಬಗ್ಗಿಕೊಂಡು ವೇದಿಕೆಯ ಹಿಂದಿನಿಂದ ನನ್ನ ಹತ್ತಿರ ಬಂದ. ಅವನ ಕತ್ತುಪಟ್ಟಿ ಒದ್ದೆಯಾಗಿತ್ತು.

"ಮೇಡಂ, ಇನ್ನೂ ಎಷ್ಟು ಹೊತ್ತು?"

"ಪುಸ್ತಕ ಮುಗಿಯೋವರೆಗೆ" ಅಂದೆ.

ಭಾವ ಆರನೇ ಸಾಲಿನ ತುದಿಗೆ ಬಂದು ಬೆರಳೆತ್ತಿ, ಹಾಳೆ ತಿರುವಿದರು.